ಹದಿನೇಳನೆಯ ಪ್ರಶ್ನೆ

ಕುಂಬಳೆ ಶಾಲೆಯ ಸ್ಟಾಫ್ ರೂಮಿನಲ್ಲಿ ಫ್ಯಾನು ತಿರುಗುತ್ತದೆ,
ಗಾಳಿ ಬರುವುದಿಲ್ಲ.
ಮೂವತ್ತೊಂದು ಉತ್ತರ ಪತ್ರಿಕೆ. ಕನ್ನಡ ಡಿವಿಷನ್ನಿಗೆ ಈಗ ಇಷ್ಟೇ.
ಬೆವರಿಗೆ ಕೆಂಪು ಶಾಯಿ ಹರಡಿ
ನನ್ನ ಹೆಬ್ಬೆರಳು ಯಾರನ್ನೋ ಕೊಂದು ಬಂದ ಹಾಗಿದೆ.

ಹದಿನೇಳು: ಧರ್ಮಯುದ್ಧಗಳ ಉದ್ದೇಶಗಳನ್ನೂ
ಪರಿಣಾಮಗಳನ್ನೂ ಬರೆಯಿರಿ. ಐದು ಅಂಕ.
ಸರಿಯುತ್ತರದ ಹಾಳೆ ನನ್ನ ಮೊಣಕೈಯಡಿ:
ಪುಣ್ಯಭೂಮಿಯ ಬಿಡುಗಡೆ, ಅರ್ಧ.
ಗುರುಪೀಠದ ಕರೆ, ಅರ್ಧ.
ವ್ಯಾಪಾರ ವೃದ್ಧಿಯಾಯಿತು ಎಂದರೆ ಪೂರಾ ಒಂದು.
ಸತ್ತವರಿಗೆ ಪ್ರತ್ಯೇಕ ಅಂಕವಿಲ್ಲ.

ಮಿಸ್ರಿಯಾ ಬರೆದಿದ್ದಾಳೆ, ಓಡುವ ಬಸ್ಸಿನಲ್ಲಿ ನಿಂತು ಬರೆದಂತೆ:
"ಆ ಕಡೆ ಆಸ್ತಿಯೆಲ್ಲ ಹಿರಿಮಗನಿಗೆ.
ತಮ್ಮಂದಿರಿಗೆ ಕುದುರೆ ಇತ್ತು, ಕತ್ತಿ ಇತ್ತು, ಗದ್ದೆ ಇರಲಿಲ್ಲ.
ನಮ್ಮೂರಿನ ಅಳಿಯಕಟ್ಟು ಅಲ್ಲಿ ಇದ್ದಿದ್ದರೆ
ಯಾರು ಯಾರ ಮೇಲೆ ಏರಿಹೋಗುತ್ತಿದ್ದರೋ, ಗೊತ್ತಿಲ್ಲ ಟೀಚರ್.
ಹೋದವರಿಗೆ ಸ್ವರ್ಗ ಎಂದರು,
ಸಾಲದ ಬಡ್ಡಿಯೂ ಮಾಫಿ ಎಂದರು.
ಎರಡರಲ್ಲಿ ಯಾವುದನ್ನು ಕೇಳಿ ಹೊರಟರೆಂದು
ಪುಸ್ತಕದಲ್ಲಿಲ್ಲ.

ಪರಿಣಾಮ: ನಮ್ಮ ಮನೆಯಲ್ಲೊಂದು ಕಲ್ಲಿನ ಗುಂಡಿದೆ.
ಪರಂಗಿ ಹಡಗಿನದಂತೆ, ಉಮ್ಮುಮ್ಮ ಹೇಳುವುದು.
ಅಲ್ಲಿ ಮುಗಿಯದೆ ಉಳಿದ ಜಗಳವನ್ನು
ಹಡಗಿಗೆ ತುಂಬಿಕೊಂಡು ಬಂದರು,
ಹಿಂದೆ ಹೋಗುವಾಗ ಕರಿಮೆಣಸು ತುಂಬಲು.
ಈಗ ಅದು ಮಾವಿನ ಮಿಡಿಯ ಭರಣಿಯ ಮೇಲೆ ಕೂತಿದೆ.
ಇಡೀ ಮನೆಯಲ್ಲಿ ಅಷ್ಟು ಭಾರದ್ದು ಬೇರೊಂದಿಲ್ಲ."

ಜಸಿಂತಾ ಕ್ರಾಸ್ತಾಳ ಅಕ್ಷರ ಜಪಮಾಲೆಯ ಮಣಿ.
ಸ್ಕೇಲಿಟ್ಟು ಗೆರೆ ಹಾಕಿ, ಅಂಶ ಒಂದು, ಅಂಶ ಎರಡು,
ಎಂಟೂ ಸರಿ. ಆಮೇಲೆ
ಕೇಳಿ ಪಡೆದ ಒಂದು ಹೆಚ್ಚಿನ ಹಾಳೆ:
"ಒಂದು ಸಲ ಮಕ್ಕಳೇ ಹೊರಟರಂತೆ, ನಮ್ಮ ಪ್ರಾಯದವರು.
ಸಮುದ್ರ ಸೀಳಿ ದಾರಿ ಬಿಡುತ್ತದೆಂದು ದಡದಲ್ಲಿ ಕಾದರು.
ಬಿಡಲಿಲ್ಲ.
ಹಡಗಿನ ಸಾಹುಕಾರರು ಬಾಡಿಗೆ ಬೇಡ, ಬನ್ನಿ ಎಂದರಂತೆ,
ನಮ್ಮವರೇ. ಸಂತೆಯಲ್ಲಿ ಮಾರಿದರು.
ಇದನ್ನು ಉದ್ದೇಶದ ಕೆಳಗೆ ಬರೆಯಬೇಕೋ, ಪರಿಣಾಮದ ಕೆಳಗೋ?
ನಮ್ಮ ಹಿರಿಯರನ್ನೂ ಒಮ್ಮೆ ಕೈಕಟ್ಟಿ ಘಟ್ಟ ಹತ್ತಿಸಿದ್ದರಂತೆ.
ಪಪ್ಪ ಅದನ್ನು ಹೇಳುವ ಮೊದಲು
ಲೈಟು ಆರಿಸುತ್ತಾರೆ.
ಪಾಠದಲ್ಲಿಲ್ಲದ್ದು ಬರೆದೆ, ಕ್ಷಮಿಸಿ."

ಇಬ್ಬರದೂ ಒಂದೇ ಬೆಂಚು.
ಜೂನ್ ತಿಂಗಳಲ್ಲಿ ಕೈವಾರದ ಮುಳ್ಳಿನಿಂದ ಡೆಸ್ಕನ್ನು ಕೊರೆದು
ಈಚೆ ನನ್ನದು, ಆಚೆ ನಿನ್ನದು ಎಂದವರು.
ಕಾರಣ, ಹಣ್ಣಿನ ವಾಸನೆಯ ಒಂದು ರಬ್ಬರು.
ಮೂರೇ ದಿನದಲ್ಲಿ ರಬ್ಬರು ಕಳೆದುಹೋಯಿತು,
ಜಗಳ ಕಳೆಯಲಿಲ್ಲ. ಕ್ಲಾಸು ಎರಡಾಯಿತು.
ಹಿಂದಿನ ಬೆಂಚಿನ ಚೋಮ ಎರಡೂ ಕಡೆಗೆ
ಎಸೆಯಲು ಸೀಮೆಸುಣ್ಣದ ತುಂಡು ಒದಗಿಸಿದ,
ತುಂಡಿಗೊಂದು ನೆಲ್ಲಿಕಾಯಿ.
ಆ ವರ್ಷ ಅವನಷ್ಟು ನೆಲ್ಲಿಕಾಯಿ ತಿಂದವರಿಲ್ಲ.
(ವ್ಯಾಪಾರ ವೃದ್ಧಿಯಾಯಿತು. ಒಂದು ಅಂಕ.)

ಆ ಗೆರೆಯಲ್ಲೀಗ ಇರುವೆ ಸಾಲು ಹೋಗುತ್ತದೆ.
ಅದರ ಮೇಲೆಯೇ ಬುತ್ತಿ ಬಿಚ್ಚುತ್ತಾರೆ, ಗುಂಡಿನಡಿಯ ಮಿಡಿ
ಅತ್ತ ಎರಡು ಇತ್ತ ಎರಡು.
ಸ್ನೇಹ ಎಂದು ಬರೆಯಲು ಪೆನ್ನು ಹಿಂಜರಿಯುತ್ತದೆ:
ಹಂಚುವಾಗ ಇನ್ನೂ ಎಣಿಸುತ್ತಾರೆ.

ಹೆಚ್ಚಿನ ಹಾಳೆಗೆ ಅಡ್ಡಗೆರೆ ಎಳೆಯಬೇಕು, ನಿಯಮ.
ಮೇಲಿನ ಮೂಲೆಯಲ್ಲಿ ಪೆನ್ನಿಟ್ಟು ಎಳೆಯುತ್ತ ಬಂದು
"ಬಿಡಲಿಲ್ಲ" ಎಂಬಲ್ಲಿ ನಿಂತಿದ್ದೇನೆ.
ಶಿರಿಯ ಸೇತುವೆಯ ಮೇಲೆ ಗೂಡ್ಸ್ ರೈಲು,
ಎಣಿಸಲು ಹೋಗಿ ಲೆಕ್ಕ ತಪ್ಪಿತು.

ಬಾಗಿಲಲ್ಲಿ ಹೆಡ್‌ಮಾಸ್ಟರು, ಕೈಯಲ್ಲಿ ಬೀಗದ ಕೈ:
ಮುಗಿಯಿತಾ ಟೀಚರ್?

ಇಲ್ಲ.
ಹದಿನೇಳರಲ್ಲೇ ಇದ್ದೇನೆ.